ಬರುವವರಿಗೂ ಜಾಗ

ಬೇಟೆಗಾರರ ಮನೆಯಲ್ಲಿ ಸತ್ತವರು ಕಾಡಿನ ಬಿಡಾರಕ್ಕೆ ಬರುವುದು ಎಲ್ಲರಿಗೂ ಗೊತ್ತಿದ್ದದ್ದೇ. ಅದಕ್ಕೇ ಅಂಗಡಿಯ ಸಾಹೇಬರು ಟೆಂಟು ಬಿಚ್ಚುವ ಮೊದಲು ಕೇಳಿದರು, “ನೀವು, ಇಬ್ಬರು ಮಕ್ಕಳು. ಬರೋರು ಎಷ್ಟು ಜನ?”

“ಯಾರೂ ಇಲ್ಲ. ಹಗುರದ್ದೇ ಕೊಡಿ, ಚಿಕ್ಕವನನ್ನೂ ನಾನೇ ಹೊರಬೇಕು,” ಎಂದ ಬೆಳ್ಯಪ್ಪ.

ಮಗಳು ದೇಚು ಅವನ ಅಂಗಿ ಜಗ್ಗಿದಳು. “ಅಪ್ಪ, ಹೋದ ಸಲ ಅವ್ವ ಬೆಳಗಿನವರೆಗೂ ಇಬ್ಬನೀಲಿ ಹೊರಗೇ ನಿಂತಿದ್ಲು.”

ಬೆಳ್ಯಪ್ಪ ತಲೆ ತಗ್ಗಿಸಿದ. ಸಾಹೇಬರು ಇನ್ನೊಂದು ಟೆಂಟು ಇಳಿಸಿದರು. “ಇದು ಸ್ವಲ್ಪ ಭಾರ. ಇನ್ನೊಬ್ಬರಿಗೆ ಜಾಗ ಆಗುತ್ತೆ.”

“ಸಾಲಲ್ಲ,” ಎಂದಳು ದೇಚು. “ಅವ್ವನ ಸೊಂಟದ ಮೇಲೆ ಪಾಪು ಇತ್ತು.”

ಬೇಟೆಯ ಮಾಂಸದಲ್ಲಿ ಬಸುರಿಗೆ ಎರಡು ಪಾಲು ಎತ್ತಿಡುವುದು ಪದ್ಧತಿ. ತುಂಬು ಬಸುರಿ ಹೆಂಡತಿ ಸತ್ತ ಮೇಲೆ ಬೆಳ್ಯಪ್ಪ ಟೆಂಟಿನ ಹೊರಗೆ ಅವಳಿಗೆಂದು ಒಂದೇ ಪಾಲು ಇಡುತ್ತ ಬಂದಿದ್ದ.