ಮೈಗೆ ಹತ್ತಿದ ಊಟ

ಹೃದಯದ ಆಪರೇಷನ್ ಮುಗಿಸಿಕೊಂಡು ಗಂಡ ಮನೆಗೆ ಬಂದ ದಿನವೇ ಶಾಂಭವಿಯ ಅತ್ತೆ ಊರಿಂದ ಬಂದಿಳಿದು ಅಡುಗೆಮನೆಯನ್ನು ವಶಕ್ಕೆ ತೆಗೆದುಕೊಂಡರು. ಸೊಸೆಗೆ ಒಲೆ ಮುಟ್ಟುವ ಭಾಗ್ಯ ತಪ್ಪಿತು. ಎರಡೇ ವಾರದಲ್ಲಿ ಅವನ ಮುಖ ದುಂಡಗಾಯಿತು, ಪಾದಗಳು ಉಬ್ಬಿಕೊಂಡವು. ನೋಡಲು ಬಂದವರಿಗೆಲ್ಲ ಅತ್ತೆ ಮಗನ ಕೆನ್ನೆ ಹಿಂಡಿ ತೋರಿಸುತ್ತಿದ್ದರು.

"ನನ್ನ ಕೈಯಡುಗೆ ಕಣ್ರೀ. ಹೇಗೆ ಮೈಗೆ ಹತ್ತಿದೆ ನೋಡಿ!"

"ಮಲಗಿದ್ರೆ ಉಸಿರು ಕಟ್ಟತ್ತಂತೆ ಅತ್ತೆ. ಡಾಕ್ಟ್ರಿಗೆ ತೋರಿಸೋಣ," ಎಂದಳು ಶಾಂಭವಿ.

"ಗಂಡ ನಾಲ್ಕು ತುತ್ತು ಜಾಸ್ತಿ ಉಂಡ್ರೆ ನಿನಗ್ಯಾಕಮ್ಮ ಹೊಟ್ಟೆಯುರಿ?"

ಅತ್ತೆ ಪಾರಾಯಣ ಕೇಳಲು ಹೋದ ಹೊತ್ತು ನೋಡಿ, ಅವಳು ಗಂಡನನ್ನು ಆಟೋ ಹತ್ತಿಸಿದಳು.

ಆಸ್ಪತ್ರೆಯಲ್ಲಿ ಡಾಕ್ಟರು ಎದೆಗೆ ನಳಿಕೆ ಹಾಕಿ ಬಾಟಲಿ ತುಂಬ ಕೆಂಪಗಿನ ನೀರು ತೆಗೆದರು. ಓಡಿಬಂದ ಅತ್ತೆಗೂ ಅದನ್ನು ತೋರಿಸಿದರು.

"ಆಪರೇಷನ್ ಆದ್ಮೇಲೆ ಹೃದಯದ ಸುತ್ತ ತುಂಬ್ಕೊಂಡಿತ್ತಮ್ಮ, ರಕ್ತ ಬೆರೆತ ನೀರು. ಅದಕ್ಕೇ ಊದ್ಕೊಂಡಿದ್ದು. ನಾಳೆ ತಂದಿದ್ರೆ ಮಗ ಉಳೀತಿರಲಿಲ್ಲ."

ಅತ್ತೆ ಬಾಟಲಿಯನ್ನು ನೋಡಿದರು. ಆಮೇಲೆ ಸೊಸೆಯನ್ನು ನೋಡಿದರು.

"ಮದುವೆ ಆದಾಗಿಂದ ಇವಳು ಬಡಿಸಿದ ತಿಳಿಸಾರು ಡಾಕ್ಟ್ರೇ. ಅಷ್ಟೂ ಒಳಗೇ ನಿಂತಿತ್ತು ನೋಡಿ!"