ವಿರೋಧವಿಲ್ಲ

ಕೊರಗಣ್ಣ ಮತಚೀಟಿಯನ್ನು ಮೂಗಿನ ಹತ್ತಿರ ಹಿಡಿದು ಓದಿದರು. ‘ಕುಟುಂಬಕ್ಕೆ ಒಂದೇ ಮತ ಎಂಬ ಈಗಿನ ನಿಯಮವನ್ನು ರದ್ದುಪಡಿಸಬಾರದೆಂಬ ಸಲಹೆಗೆ ತಮ್ಮ ವಿರೋಧವಿದೆಯೇ?’ ಕೆಳಗೆ ಎರಡು ಚೌಕ: ಹೌದು, ಇಲ್ಲ. ಕೊನೆಗೆ ಬರುವಷ್ಟರಲ್ಲಿ ಶುರು ಮರೆತುಹೋಗುವಂಥ ವಾಕ್ಯ. ಕೊನೆಯ ಪದ ಮಾತ್ರ ಅವರಿಗೆ ಚೆನ್ನಾಗಿ ತಿಳಿಯಿತು. ಹೆಂಡತಿಗೂ ಒಂದು ಮತ ಸಿಗುವುದಕ್ಕೆ ತನ್ನ ವಿರೋಧವೇ? ಛೆ, ಛೆ! ‘ಇಲ್ಲ’ ಎಂಬಲ್ಲಿ ದೊಡ್ಡದಾಗಿ ಗೀಟು ಎಳೆದು, ಅದರ ಮೇಲೆ ಇನ್ನೊಮ್ಮೆ ತಿದ್ದಿ, ಚೀಟಿಯನ್ನು ಪೆಟ್ಟಿಗೆಗೆ ಹಾಕಿದರು.

ಕತಾರಿನ ಕರಾವಳಿ ಬಳಗದಲ್ಲಿ ಅದು ಪದಾಧಿಕಾರಿಗಳ ಚುನಾವಣೆ ಇಲ್ಲದ ವರ್ಷ. ಚುನಾವಣೆ ಇದ್ದಿದ್ದರೆ ಅಲ್ ಹಿಲಾಲ್‌ನ ಈ ಸಭಾಂಗಣದಲ್ಲಿ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲ. ಈ ಸಲ ಇದ್ದದ್ದು ಒಂದೇ ಪ್ರಶ್ನೆಯ ಮತದಾನ. ಕುರ್ಚಿಗಾಗಿ ಅಲ್ಲದ ಮತಕ್ಕೆ ಯಾರು ಶುಕ್ರವಾರದ ನಿದ್ದೆ ಬಿಡುತ್ತಾರೆ? ನೂರತೊಂಬತ್ತು ಸದಸ್ಯರಲ್ಲಿ ಬಂದವರು ನಲವತ್ತೊಂದು ಮಂದಿ. ಸದಸ್ಯತ್ವ ಗಂಡನ ಹೆಸರಿನಲ್ಲಿ ಇರುವುದರಿಂದ ಎಲ್ಲರೂ ಗಂಡಸರೇ. ಹೆಂಗಸರು ಹೊರಗೆ ಕಾರಿಡಾರಿನಲ್ಲಿ ಗೋಳಿಬಜೆ ಹಂಚಲು ಸಿದ್ಧರಾಗಿದ್ದರು.

ಅವರಲ್ಲಿ ಕೊರಗಣ್ಣನ ಹೆಂಡತಿ ವಸಂತಿಯೂ ಇದ್ದಳು. ಹತ್ತೊಂಬತ್ತು ವರ್ಷಗಳಿಂದ ಬಳಗದ ಮಕ್ಕಳಿಗೆ ಕನ್ನಡ ಕಲಿಸುತ್ತಿರುವವಳು ಅವಳೇ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಊರಿನ ಮತದಾರರ ಪಟ್ಟಿಯಿಂದ ಹೆಸರು ಹೋಯಿತು. ಇಲ್ಲಿ ಬಳಗದ ಪಟ್ಟಿಗೆ ಬರಲೇ ಇಲ್ಲ. ಬರುವ ಮಾರ್ಚಿಗೆ ಕೊರಗಣ್ಣನ ನಿವೃತ್ತಿ, ಆಮೇಲೆ ಇಬ್ಬರೂ ಊರಿಗೆ. ಡಿಸೆಂಬರಿನ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರಕ್ಕಾದರೂ ಒಂದು ಸಲ ತಾನು ಮತ ಹಾಕಬೇಕೆಂಬುದು ಅವಳ ಆಸೆ. ಅದನ್ನು ಅವಳು ಗಂಡನಿಗೆ ಒಂದೇ ಒಂದು ಸಲ ಹೇಳಿದ್ದಳು. ಕೊರಗಣ್ಣ ಆ ರಾತ್ರಿಯಿಂದ ಅದನ್ನು ತಲೆಯಲ್ಲಿಟ್ಟುಕೊಂಡೇ ಓಡಾಡುತ್ತಿದ್ದರು.

“ಹಾಕಿದಿರಾ?” ಎಂದಳು ವಸಂತಿ, ಗಂಡ ಹೊರಗೆ ಬಂದ ಕೂಡಲೇ.

“ಹಾಕಿದೆ. ಕುರುಡನಿಗೂ ಕಾಣುವ ಹಾಗೆ ಹಾಕಿದ್ದೇನೆ.”

“ಎಂತ ಹಾಕಿದ್ದು ಅಂತ ನಾನು ಕೇಳುವುದಿಲ್ಲ. ನಿಮ್ಮ ವೋಟು ನಿಮ್ಮದು.”

“ಕೇಳು ಮಾರಾಯ್ತಿ, ಹೇಳುವ ಅಂತಲೇ ಓಡಿ ಬಂದದ್ದು!”

ಅವಳು ನಕ್ಕಳೇ ಹೊರತು ಕೇಳಲಿಲ್ಲ. ಅರ್ಧ ಗಂಟೆಯಲ್ಲಿ ಎಣಿಕೆ ಮುಗಿಯಿತು. ಕಾರ್ಯದರ್ಶಿ ಯಜ್ಞೇಶ್ ಹೆಂಗಸರನ್ನೂ ಒಳಗೆ ಕರೆದು ಮೈಕ್ ಹಿಡಿದ. “ಹೌದು ಮೂರು, ಇಲ್ಲ ಮೂವತ್ತೆಂಟು. ಸಲಹೆಗೆ ಯಾರ ವಿರೋಧವೂ ಇಲ್ಲ ಅಂತಲೇ ಹೇಳಬಹುದು. ಪಾಸ್!” ಎಲ್ಲರೂ ಚಪ್ಪಾಳೆ ತಟ್ಟಿದರು. ಕೊರಗಣ್ಣನ ಚಪ್ಪಾಳೆ ಎಲ್ಲರಿಗಿಂತ ಜೋರಾಗಿತ್ತು. ವಸಂತಿ ಕಣ್ಣೊರೆಸಿಕೊಂಡು, ನೆನಪಿಗೆ ಇರಲೆಂದು ಮೇಜಿನ ಮೇಲೆ ಉಳಿದಿದ್ದ ಖಾಲಿ ಚೀಟಿಯೊಂದನ್ನು ಎತ್ತಿಕೊಂಡಳು. ಓದಿದಳು. ಮತ್ತೊಮ್ಮೆ ಓದಿದಳು.

“ಯಜ್ಞೇಶ್, ಇದನ್ನು ಬರೆದದ್ದು ಯಾರು?”

“ನಾನೇ ವಸಂತಕ್ಕ. ಇಂಗ್ಲಿಷಿನಲ್ಲಿ ಬರೆದು ಮೊಬೈಲಿನಲ್ಲಿ ಕನ್ನಡ ಮಾಡಿದ್ದು. ಬೈಲಾದ ಭಾಷೆ ಸ್ವಲ್ಪ ಗಟ್ಟಿ ಇರಬೇಕಲ್ಲ?”

“ಗಟ್ಟಿ ಉಂಟು,” ಎಂದಳು ವಸಂತಿ ಮೆಲ್ಲಗೆ. “ರದ್ದು ಮಾಡಬಾರದು ಎಂಬ ಸಲಹೆ ಇದು. ಅದಕ್ಕೆ ವಿರೋಧ ಇಲ್ಲ ಅಂತ ಮೂವತ್ತೆಂಟು ಜನ ಹೇಳಿದ್ದೀರಿ. ಅಂದರೆ ಹಳೆಯ ನಿಯಮವೇ ಪಾಸಾಯಿತು.”

ಹಿಂದಿನ ಸಾಲಿನಿಂದ ಬ್ರ್ಯಾಂಡನ್ ಎದ್ದು ನಿಂತ. ಮನೆಗೆ ಒಂದು ವೋಟು ಇದ್ದರೇ ಇಷ್ಟು ಜಗಳ, ಎರಡಾದರೆ ಗತಿಯೇನು ಎಂದು ವಾರವಿಡೀ ಊರೆಲ್ಲ ಹೇಳಿಕೊಂಡು ತಿರುಗಿದವನು. “ಅಯ್ಯೋ ದೇವರೇ! ಹಾಗಾದರೆ ‘ಹೌದು’ ಅಂತ ಗೀಟು ಎಳೆದ ನಾನು ಹೆಂಗಸರ ಪರ ವೋಟು ಹಾಕಿದೆನಾ?” ಎಂದ. ಕೆಲವರು ನಕ್ಕರು. ಯಜ್ಞೇಶ್ ನಗಲಿಲ್ಲ. “ಘೋಷಣೆ ಆಯ್ತಲ್ಲ ಅಕ್ಕ. ಬೈಲಾ ಪ್ರಕಾರ ಇನ್ನು ಖಲಾಸ್. ಎರಡು ವರ್ಷ ಈ ವಿಷಯ ಮತ್ತೆ ಎತ್ತಲಿಕ್ಕೆ ಇಲ್ಲ,” ಎಂದ.

“ಇರಲಿ ಬಿಡು. ಗೋಳಿಬಜೆ ತಣ್ಣಗಾಗುತ್ತದೆ,” ಎಂದು ವಸಂತಿ ಹೊರಗೆ ನಡೆದಳು. ಕೊರಗಣ್ಣ ಹಿಂದೆಯೇ ಹೋದರು.

“ನನ್ನದು ವಿರೋಧ ಇಲ್ಲ ಅಂತಲೇ ಹಾಕಿದ್ದು, ವಸಂತಿ. ಎರಡು ಸಲ ಗೀಟು ಎಳೆದು ಹಾಕಿದೆ.”

“ನನಗೆ ಗೊತ್ತಿಲ್ಲವಾ? ಮೂವತ್ತೆರಡು ವರ್ಷದಲ್ಲಿ ನಾನು ಹೇಳಿದ ಯಾವುದಕ್ಕೆ ನಿಮ್ಮ ವಿರೋಧ ಇತ್ತು?” ಎಂದಳು. ನಗುತ್ತಲೇ ಹೇಳಿದಳು. ಆದರೆ ನೆನಪಿಗೆಂದು ಎತ್ತಿಕೊಂಡಿದ್ದ ಚೀಟಿಯನ್ನು ಮಡಿಸಿ ಗೋಳಿಬಜೆಯ ತಟ್ಟೆಯ ಅಡಿಗೆ ಸರಿಸಿದಳು. ಕೊರಗಣ್ಣ ಅದನ್ನು ನೋಡಿದರು.

ಇಪ್ಪತ್ತಾರು ವರ್ಷಗಳಲ್ಲಿ ಬಳಗದ ಒಂದು ಸಭೆಯಲ್ಲೂ ಬಾಯಿ ತೆರೆಯದ ಕೊರಗಣ್ಣ ಒಳಗೆ ಬಂದು ಯಜ್ಞೇಶನ ಕೈಯಿಂದ ಮೈಕ್ ತೆಗೆದುಕೊಂಡರು.

“ಬೈಲಾ ನನಗೆ ಗೊತ್ತಿಲ್ಲ. ನನ್ನದು ತಪ್ಪಾಯಿತು. ತಪ್ಪಾಗದವರು ಇದ್ದರೆ ಕೈ ಎತ್ತಿ.”

ಒಂದು ಕೈಯೂ ಮೇಲೇಳಲಿಲ್ಲ. ಬ್ರ್ಯಾಂಡನ್ ಎರಡೂ ಕೈ ಕಟ್ಟಿಕೊಂಡು ನೆಲ ನೋಡುತ್ತಿದ್ದ.

“ಹಾಗಾದರೆ ಯಜ್ಞೇಶ್, ಚೀಟಿ ಇನ್ನೊಮ್ಮೆ ಹಂಚು,” ಎಂದರು ಕೊರಗಣ್ಣ. “ಈ ಸಲ ನಮಗೆ ಗಂಡಸರಿಗೆ ಬೇಡ. ಓದಲಿಕ್ಕೆ ಬರುವವರಿಗೆ ಕೊಡು.”