ಮಹಡಿಯ ಕಿಟಕಿ

"ಕಿಟಕಿ ಮುಚ್ಚಿ, ಸಾವಾಕೊ ಅವರೇ. ಯಾರಾದ್ರೂ ದೇವರನ್ನ ತಮಗಿಂತ ಕೆಳಗಿಟ್ಟು ಮಹಡಿ ಮೇಲಿಂದ ನೋಡ್ತಾರಾ?" ಕೇರಿ ಸಂಘದ ಅಧ್ಯಕ್ಷ ಕುವಾಬಾರಾ ಬೀದಿಯಲ್ಲಿ ನಿಂತು ಬೀಸಣಿಗೆ ಎತ್ತಿ ಕೂಗಿದ. ಅವನ ಹಿಂದೆ "ವಾಶ್ಶೊಯ್, ವಾಶ್ಶೊಯ್" ಎಂಬ ಹೊರುವವರ ಕೂಗಿಗೆ ಕುಣಿಯುತ್ತ ಬಂದ ದೇವರ ಪಲ್ಲಕ್ಕಿ ಅಲ್ಲೇ ತಡೆದು ನಿಂತಿತು.

ಮಹಡಿಯಲ್ಲಿದ್ದ ಸಾವಾಕೊಗೆ ಮೈಯೆಲ್ಲ ಉರಿದುಹೋಯಿತು. ಲಕ್ವ ಹೊಡೆದ ಗಂಡ ಕಾನ್‌ಜಿಗೆ ಹಬ್ಬದ ನೀಲಿ ಅಂಗಿ ತೊಡಿಸಿ ಕಿಟಕಿಯ ಪಕ್ಕ ಕೂರಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು. ಕಾನ್‌ಜಿಯೋ, ಅಧ್ಯಕ್ಷನ ಮಾತು ಕಿವಿಗೆ ಬಿದ್ದದ್ದೇ ತಡ, ಆಡುವ ಒಂದೇ ಕೈಯಿಂದ ಕಿಟಕಿ ಎಳೆಯತೊಡಗಿದ. ಹಿಂದೆ ಈ ಕೇರಿಯ ಮಹಡಿ ಕಿಟಕಿಗಳನ್ನೆಲ್ಲ ಹೀಗೇ ಗದರಿಸಿ ಮುಚ್ಚಿಸುತ್ತಿದ್ದವನು ಅವನೇ.

"ಕೈ ತೆಗೀರಿ," ಎಂದು ಅವಳು ಅವನ ಅಂಗಿಯನ್ನು ಹೆಗಲಿನಿಂದ ಜಾರಿಸಿದಳು. ಪಲ್ಲಕ್ಕಿಯ ತೊಲೆ ಒತ್ತಿ ಒತ್ತಿ ಕತ್ತಿನ ಬುಡದಲ್ಲಿ ಮುಷ್ಟಿಗಾತ್ರದ ಗಡ್ಡೆ ಎದ್ದಿತ್ತು. "ಇದನ್ನ ನೋಡಿ, ಕುವಾಬಾರಾ ಅವರೇ. ಮೂವತ್ತೆಂಟು ವರ್ಷ ನಿಮ್ಮ ದೇವರು ಕೂತಿದ್ದು ಇದರ ಮೇಲೆ. ನೀವು ಆ ಬೀಸಣಿಗೆ ಬಿಟ್ಟು ಬೇರೇನಾದ್ರೂ ಹೊತ್ತಿದ್ದೀರಾ?"

ಅಧ್ಯಕ್ಷ ಬಾಯಿ ತೆರೆಯುವಷ್ಟರಲ್ಲಿ, ಮುಂದಿನ ತೊಲೆಗೆ ಹೆಗಲು ಕೊಟ್ಟಿದ್ದವನೊಬ್ಬ "ಎತ್ರೋ" ಅಂದ. ನಲವತ್ತು ಜೊತೆ ತೋಳುಗಳು ನೆಟ್ಟಗಾದವು. ಪಲ್ಲಕ್ಕಿ ಹೆಗಲು ಬಿಟ್ಟು, ತಲೆಗಳನ್ನು ದಾಟಿ ಮೇಲೆದ್ದಿತು. ಅದರ ನೆತ್ತಿಯ ಚಿನ್ನದ ಹಕ್ಕಿ ನಡುಗುತ್ತ ಕಾನ್‌ಜಿಯ ಕಣ್ಣಿನ ಮಟ್ಟಕ್ಕೆ ಬಂದು, ಇನ್ನೂ ಒಂದು ಗೇಣು ಮೇಲೇರಿ ನಿಂತಿತು. ಅವನ ಕೈ ಕಿಟಕಿಯಿಂದ ಜಾರಿತು.

ಸಾವಾಕೊಳ ಸಿಟ್ಟು ಮಾತ್ರ ಇಳಿದಿರಲಿಲ್ಲ. "ಈಗ ನಿಮ್ಮ ದೇವರಿಗೆ ಹೇಳಿ," ಎಂದಳು ಅಧ್ಯಕ್ಷನಿಗೆ, "ಕಂಡವರ ಮನೆಯೊಳಗೆ ಇಣುಕಬಾರದು ಅಂತ."